ರಾಜ ಬಿದ್ದ ಮೇಲೆ

ಕರಜಗಿಯ ಜಗದೇವನಿಗೆ ಮಾಯಾಮಂತ್ರದ ಸಿನಿಮಾ ಅಂದರೆ ಜೀವ. ರವಿವಾರ ಮಧ್ಯಾಹ್ನ ತಾಟು ಹಿಡಿದು ಟಿವಿ ಮುಂದೆ ಕೂತನೆಂದರೆ, ಸಿನಿಮಾ ಮುಗಿಯುವ ತನಕ ಅಲುಗುವ ಆಸಾಮಿಯಲ್ಲ. ಅವನು ಉಂಡು ಎದ್ದ ಮೇಲೆಯೇ ಹೆಂಡತಿ ಸುಮಂಗಲಾ ಉಣ್ಣಬೇಕು. ಅದು ಆ ಮನೆಯ ರೀತಿ.

ಇವತ್ತಿನ ಸಿನಿಮಾದ ರಾಜ ಮಂತ್ರದ ಕೋಲು ಎತ್ತಿದರೆ ಸಾಕು, ಊರಿಗೆ ಊರೇ ಹಸಿದ ಹೊಟ್ಟೆಯಲ್ಲಿ ಅವನ ಚಾಕರಿಗೆ ನಿಲ್ಲುತ್ತಿತ್ತು. ಜಗದೇವನ ಕಣ್ಣಲ್ಲಿ ನೀರು ಬಂತು.

"ಎಂಥಾ ಹರಾಮಖೋರ ಇದ್ದಾನ ನೋಡು! ಮಂದಿನ್ನ ಉಪವಾಸ ಕೆಡವಿ ತಾ ಒಬ್ಬನ ತಿನ್ನಾಕತ್ತಾನ," ಎಂದು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಬೈದ. ಆಮೇಲೆ ತಿರುಗಿಯೂ ನೋಡದೆ ತಾಟು ಚಾಚಿದ. "ಪಲ್ಯ ಹಾಕು ಬೇ."

ಸುಮಂಗಲಾ ಹಾಕಿದಳು. ಬೆಳಗಿನಿಂದ ಅವಳ ಹೊಟ್ಟೆಗೆ ಚಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಟಿವಿಯೊಳಗಿನ ಬಡವರಿಗೆ ಕಣ್ಣೀರು ಸುರಿಸುವ ಈ ಮಹಾಶಯನನ್ನು ನೋಡಿ ಅವಳಿಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಆ ರಾಜನೇ ವಾಸಿ, ಕೋಲಾದರೂ ಎತ್ತುತ್ತಿದ್ದ. ಇವನು ತಾಟು ಚಾಚಿದರೆ ಮುಗಿಯಿತು.

ಕೊನೆಗೆ ಕೋಲು ಮುರಿಯಿತು, ರಾಜ ಸಿಂಹಾಸನದಿಂದ ಉರುಳಿದ. ಜಗದೇವ ತೊಡೆ ತಟ್ಟಿ ಕೂಗಿದ: "ಬಿದ್ದ ನೋಡು ಮಗ! ಇನ್ನೊಂದು ರೊಟ್ಟಿ ತಾ."

ಬುಟ್ಟಿಯಲ್ಲಿ ಉಳಿದದ್ದು ಒಂದೇ ರೊಟ್ಟಿ. ಸುಮಂಗಲಾ ಅದನ್ನು ತಂದು, ಅವನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಮುರಿದು ತನ್ನ ಬಾಯಿಗಿಟ್ಟುಕೊಂಡಳು.

"ಏನ ಬೇ ಇದು?" ಎಂದ ಜಗದೇವ.

"ರಾಜ ಬಿದ್ದನಲ್ರಿ," ಎಂದಳು ಅವಳು ಅಗಿಯುತ್ತ. "ಈಗ ಮಂದಿ ಉಣ್ಣಾಕತ್ತಾರ."