ಎಡಗೈ ಹೊಲಿಗೆ

ಗಂಡಸರು ಕುರಿ ಹೊಡೆದುಕೊಂಡು ಊರೂರು ತಿರುಗುವ ಹಟ್ಟಿಯಲ್ಲಿ ಹೆಂಗಸರಿಗೆ ಅವರ ಮುಖಕ್ಕಿಂತ ಮೆಟ್ಟಿನ ಪರಿಚಯವೇ ಹೆಚ್ಚು. ಜವನಗೊಂಡನಹಳ್ಳಿ ಕಡೆಯ ಆ ಗೊಲ್ಲರ ಹಟ್ಟಿಯಲ್ಲಿ ಕಾಲಿನ ಮೆಟ್ಟು ಮುಳ್ಳುಬೇಲಿ ದಾಟಿ ಒಳಗೆ ಬರುವಂತಿರಲಿಲ್ಲ. ಒಳಗೆ ದೇವರಿದ್ದಾನೆ. ಎಂಥ ದೊಡ್ಡ ಮನುಷ್ಯನಾದರೂ ಬೇಲಿಯ ಹೊರಗೆ, ಹುಣಸೆ ಮರದ ಬುಡದಲ್ಲಿ ಬಿಟ್ಟೇ ಬರಬೇಕು. ಹಾಗಾಗಿ ಸವೆದ ಮೆಟ್ಟಿನ ಅಡಿಗೆ ಹೊಸ ಅಟ್ಟೆ ಹಾಕುವ ಮನೆಗೆಲಸವೂ ಆ ಮರದಡಿಯಲ್ಲೇ ನಡೆಯುತ್ತಿತ್ತು.

ಚಿತ್ತಯ್ಯನ ಮೆಟ್ಟಿಗೆ ಅಟ್ಟೆ ಹಾಕುವವಳು ಅವನ ಹೆಂಡತಿ ಪಾಲಮ್ಮ. ಮದುವೆಯಾದಾಗಿನಿಂದ ಆ ಕೆಲಸ ಅವಳದೇ. ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಬಿದ್ದಿರುವ ಲಾರಿ ಟೈರಿನ ತುಂಡು ತರಿಸಿ, ಅದರ ಮೇಲೆ ಹಳೆ ಮೆಟ್ಟಿಟ್ಟು ಇದ್ದಿಲಲ್ಲಿ ಗೆರೆ ಎಳೆದು, ಚೂರಿಯನ್ನು ನೀರಲ್ಲಿ ಅದ್ದಿ ಅದ್ದಿ ಕೊಯ್ಯುತ್ತಿದ್ದಳು. ದಬ್ಬಳ ಕಾಯಿಸಿ ತೂತು ಹಾಕಿ, ಜೇನುಮೇಣ ಸವರಿದ ಕತ್ತಾಳೆ ಹುರಿಯಲ್ಲಿ ಸುತ್ತಲೂ ಹೊಲಿದು, ಕೊನೆಯ ಗಂಟನ್ನು ಹಿಮ್ಮಡಿಯ ಹತ್ತಿರ ಎರಡು ಪದರದ ನಡುವೆ ತೂರಿಸಿ ಮುಚ್ಚಿಬಿಡುತ್ತಿದ್ದಳು. ಗಂಟು ಹೊರಗಿದ್ದರೆ ಕಲ್ಲಿಗೆ ಉಜ್ಜಿ ಬಿಚ್ಚುತ್ತದೆ. ಈ ಮುಚ್ಚುಗಂಟು ಅವಳದೇ ಉಪಾಯ. ಹಟ್ಟಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಒಬ್ಬಳಿಗೆ ಮಾತ್ರ ಕಲಿಸಿದ್ದಳು. ಆ ಒಬ್ಬಳ ಹೆಸರನ್ನು ಈಗ ಮನೆಯಲ್ಲಿ ಎತ್ತುವಂತಿರಲಿಲ್ಲ.

ಮಗಳು ಗಂಗಕ್ಕ ಬಬ್ಬೂರು ಫಾರಂಗೆ ಕೂಲಿಗೆ ಹೋಗುತ್ತಿದ್ದವಳು, ಅಲ್ಲಿಯೇ ಕೆಲಸಕ್ಕಿದ್ದ ಬೇರೆ ಜಾತಿಯ ಹುಡುಗನ ಹಿಂದೆ ಹೋಗಿಬಿಟ್ಟಿದ್ದಳು. ಎಮರ್ಜೆನ್ಸಿ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಚಿತ್ತಯ್ಯ ಹಟ್ಟಿಯ ಹಿರಿಯರ ಎದುರು ನಿಂತು, ಮಗಳು ಸತ್ತಳು ಎಂದ. ಅಂದದ್ದಷ್ಟೇ ಅಲ್ಲ, ಮೀಸೆ ಬೋಳಿಸಿ, ತಲೆಗೆ ನೀರು ಹಾಕಿಕೊಂಡು, ಬದುಕಿದ್ದವಳ ತಿಥಿ ಮಾಡಿ ಹಟ್ಟಿಗೆಲ್ಲ ಊಟ ಹಾಕಿಸಿದ. ಆ ತಿಥಿಯ ಅನ್ನ ಬೇಯಿಸಿದವಳು ಪಾಲಮ್ಮ. ಒಲೆಯ ಮುಂದೆ ಅವಳ ಕಣ್ಣಲ್ಲಿ ನೀರು ಬಂದದ್ದಕ್ಕೆ, "ಹೊಗೆ ಅಂತ ಹೇಳು, ಅಳ್ತಿದೀನಿ ಅಂದ್ರೆ ನೀನೂ ಹೋಗು ಅವಳ ಹಿಂದೆ" ಎಂದು ಗದರಿಸಿದ್ದ. ಅವತ್ತಿನಿಂದ ಪಾಲಮ್ಮ ಅತ್ತದ್ದೆಲ್ಲ ಹೊಗೆಯ ಲೆಕ್ಕಕ್ಕೇ ಹೋಯಿತು.

ಈ ಸಲ ಕುರಿಗಳು ಧರ್ಮಪುರದ ಕಡೆ, ಶೇಂಗಾ ಕಿತ್ತ ಹೊಲಗಳಲ್ಲಿ ಇದ್ದವು. ಮಂದೆಯನ್ನು ಜೊತೆಯವರಿಗೆ ಒಪ್ಪಿಸಿ, ಮಗ ಕಾಟಪ್ಪನ ಮದುವೆ ಮಾತಿಗೆಂದು ಚಿತ್ತಯ್ಯ ಬಂದಿದ್ದ. ಮಾತು ಮುಗಿದಿತ್ತು. ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಡುವವನಿದ್ದ. ಅಷ್ಟರಲ್ಲಿ ಅಟ್ಟೆ ಹಾಕಿಕೊಡೋಣ ಎಂದು ಪಾಲಮ್ಮ ಟೈರಿನ ತುಂಡು, ಚೂರಿ, ದಬ್ಬಳ, ಹುರಿ ಎಲ್ಲ ತೆಗೆದುಕೊಂಡು ಹುಣಸೆ ಮರದಡಿ ಕೂತಳು. ಮೆಟ್ಟನ್ನು ಮಗುಚಿದಳು.

ಹೊಸ ಅಟ್ಟೆ ಆಗಲೇ ಇತ್ತು.

ಯಾರೋ ಹಾಕಿದ್ದಾರೆ, ಒಳ್ಳೆಯದೇ ಆಯಿತು, ಕೆಲಸ ಉಳಿಯಿತು ಎಂದುಕೊಂಡವಳು ಹೊಲಿಗೆ ನೋಡಿದಳು. ಅವಳ ಹೊಲಿಗೆಯಲ್ಲಿ ಹುರಿ ಬಲಕ್ಕೆ ವಾಲುತ್ತಿತ್ತು. ಇದು ಪೂರಾ ಎಡಕ್ಕೆ ವಾಲಿತ್ತು. ಹಿಮ್ಮಡಿಯ ಹತ್ತಿರ ಬೆರಳಾಡಿಸಿದಳು. ಗಂಟು ಸಿಗಲಿಲ್ಲ. ಎರಡು ಪದರದ ನಡುವೆ ಉಗುರು ತೂರಿಸಿದಾಗ ಸಿಕ್ಕಿತು.

ಗಂಗಿ ಎಡಚಿ. ಎಡಗೈಯಲ್ಲಿ ಮುದ್ದೆ ಮುರಿಯಬೇಡ ಎಂದು ಎಷ್ಟು ಸಲ ಅವಳ ಕೈಮೇಲೆ ಹೊಡೆದಿದ್ದಳೋ. ದಬ್ಬಳ ಹಿಡಿದಾಗ ಮಾತ್ರ, ಹೊಲಿಗೆ ಗಟ್ಟಿ ಇದ್ದರೆ ಸಾಕು ಎಂದು ಸುಮ್ಮನಾಗಿದ್ದಳು. ಪಾಲಮ್ಮ ಆ ಮೆಟ್ಟನ್ನು ಎದೆಗೆ ಒತ್ತಿಕೊಂಡಳು. ಸೆಗಣಿ, ಮಣ್ಣು, ಗಂಡನ ಬೆವರು ಎಲ್ಲ ಸೀರೆಗೆ ಮೆತ್ತಿದರೂ ಬಿಡಲಿಲ್ಲ. ಮಗಳು ಬದುಕಿದ್ದಾಳೆ, ಕೈ ಗಟ್ಟಿ ಇದೆ, ಮೇಣ ಸವರುವುದನ್ನೂ ಮರೆತಿಲ್ಲ. ಇಷ್ಟು ದಿನದಲ್ಲಿ ತಾಯಿಗೆ ಸಿಕ್ಕ ಸುದ್ದಿ ಇದೊಂದೇ.

ಚಿತ್ತಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿಯಿಂದ ಹೊರಗೆ ಬಂದ. ಸೋದರಮಾವನನ್ನೇ ಕಟ್ಟಿಕೊಂಡವಳು ಪಾಲಮ್ಮ. ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು.

"ಮಾವ, ಅಟ್ಟೆ ಯಾರು ಹಾಕಿದ್ದು?"

"ಧರ್ಮಪುರದಾಗೆ ಬಸ್ಟಾಂಡ್ ತಾವ ಒಬ್ಬ ಕುಂತಿರ್ತಾನೆ. ಅವನು ಹಾಕ್ಕೊಟ್ಟ."

"ಅವನು ಎಡಚನಾ?"

"ನಾನೇನು ಅವನ ಕೈ ನೋಡ್ಕಂತ ಕುಂತಿದ್ನೇನು? ತಾ ಇಲ್ಲಿ, ಬಸ್ಸಿಗೆ ಹೊತ್ತಾತು."

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದನ್ನು ನೋಡಿ ಪಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಿಥಿ ಮಾಡಿದವನು ಇವನು. ಹೆಸರೆತ್ತಬೇಡ ಎಂದವನು ಇವನು. ತಾನು ಹಟ್ಟಿಯಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದರೆ, ಇವನು ಸತ್ತವಳ ಮನೆಯಲ್ಲಿ ಕಾಲು ಚಾಚಿ ಕೂತು ಮೆಟ್ಟು ಹೊಲಿಸಿಕೊಂಡು ಬಂದಿದ್ದಾನೆ! ಚೂರಿ ಕೈಯಲ್ಲೇ ಇತ್ತು. ಹೊಲಿಗೆಗೆ ಹಾಕಿ ಸರಕ್ಕನೆ ಎಳೆದಳು. ಹುರಿ ಪಟಪಟನೆ ಹರಿಯಿತು.

"ಲೇ, ಏನ್ ಮಾಡ್ತಿದಿಯೇ?"

"ಬಸ್ಟಾಂಡಿನವನ ಹೊಲಿಗೆ ತಾನೆ? ನಿನಗ್ಯಾಕೆ ಸಂಕಟ?"

ಇನ್ನೊಂದು ಮೆಟ್ಟನ್ನೂ ಮಗುಚಿ ಕೊಯ್ದಳು. ಸಿಟ್ಟಿನ ಭರದಲ್ಲಿ ಚೂರಿ ರಬ್ಬರಿಗೂ ಇಳಿದು, ಅಟ್ಟೆ ಅಡ್ಡಡ್ಡ ಸೀಳಿತು. ಚಿತ್ತಯ್ಯ ಅವಳ ರಟ್ಟೆ ಹಿಡಿದು ಜಗ್ಗಿದ.

"ಬಿಡೇ! ಕೂಸು ಮಡ್ಲಾಗೆ ಹಾಕ್ಕಂಡು ಹೊಲ್ದವ್ಳೆ ಕಣೇ ಅದನ್ನ!"

ಹೇಳಿದ ಮೇಲೆ ಅವನೇ ಬಾಯಿ ಮುಚ್ಚಿಕೊಂಡ. ಪಾಲಮ್ಮನ ಕೈಯಿಂದ ಚೂರಿ ಜಾರಿತು.

"ಕೂಸಾ?"

"ಹ್ಞೂಂ. ಹೆಣ್ಣು ಕೂಸು." ಅವನು ಬೇಲಿಯ ಕಡೆ ತಿರುಗಿ, ಯಾರೂ ಇಲ್ಲವೆಂದು ನೋಡಿಕೊಂಡ. "ಆ ಕಡೆ ಮಂದೆ ಹೋದಾಗೆಲ್ಲ ಒಂದೊತ್ತು ಉಂಡು ಬರ್ತೀನಿ. ಹೊಟ್ಟೆಗೆ ಹುಟ್ಟಿದ್ದು, ಏನ್ ಮಾಡ್ಲಿ?"

"ನನ್ನ ಹೊಟ್ಟೆಗಲ್ವಾ ಹುಟ್ಟಿದ್ದು? ನನ್ನೂ ಕರ್ಕಂಡು ಹೋಗು ಮಾವ. ಹಿಂಗೋಗಿ ಹಂಗ್ ಬಂದ್ಬಿಡ್ತೀನಿ. ಯಾವೂರು ಅಂತನಾದ್ರೂ ಹೇಳು."

"ನೀನು ಹಟ್ಟಿ ಬಿಟ್ಟು ಕದಲಿದ್ರೆ ಹತ್ತು ಜನ ಕೇಳ್ತಾರೆ. ಕಾಟಪ್ಪನ ಸಂಬಂಧ ಈಗ ತಾನೆ ಕುದುರೈತೆ. ಬಾಯಿ ಮುಚ್ಕಂಡಿರು."

ಊರಿನ ಹೆಸರು ಅವನು ಹೇಳಲಿಲ್ಲ. ಪಾಲಮ್ಮ ಕೇಳಿದಳು. "ನನ್ನ ಕೇಳ್ತಾಳಾ?"

"ಹೋದಾಗೆಲ್ಲ ಅದೇ. ಅಮ್ಮ ಏನಂದ್ಲು, ಅಮ್ಮ ಯಾವಾಗ ಬರ್ತಾಳೆ ಅಂತ."

"ನೀನೇನಂದೆ?"

ಚಿತ್ತಯ್ಯ ಕಂಬಳಿಯ ಅಂಚು ಸರಿಮಾಡಿಕೊಂಡ. "ಏನನ್ಲಿ? ನಿಮ್ಮಮ್ಮನ ಮನಸ್ಸು ಇನ್ನೂ ಕರಗಿಲ್ಲ, ನಿನ್ನ ಹೆಸರೆತ್ತಿದ್ರೆ ಉರಿದು ಬೀಳ್ತಾಳೆ ಅಂದೆ."

"ನಾನಾ?"

"ಮತ್ತೆ, ತಿಥಿ ಮಾಡಿದ್ದು ನಾನೇ ಅಂದ್ರೆ ಅವಳು ನನಗೆ ಮುದ್ದೆ ಇಕ್ತಿದ್ಲೇನೇ?"

ಎಷ್ಟು ಸಲೀಸಾಗಿ ಅಂದ! ಮುದ್ದೆಗೆ ಸಾರು ಸಾಲದು ಎಂದು ಹೇಳುವ ಹಾಗೆ. ಅವನು ಹಟ್ಟಿಗೆ ಬಂದರೆ ಮಾನವಂತ, ಮಗಳ ಮನೆಗೆ ಹೋದರೆ ಕರುಳಿನವನು. ಎರಡೂ ಕಡೆಯ ಕೆಟ್ಟತನ ಹೊರುವುದಕ್ಕೆ ಮನೆಯಲ್ಲಿ ಒಬ್ಬ ಹೆಂಡತಿ ಇದ್ದಳಲ್ಲ. ಪಾಲಮ್ಮನಿಗೆ ಕೂಗಾಡಬೇಕೆನಿಸಿತು. ಕೂಗಿದರೆ ಬೇಲಿಯೊಳಗೆ ಕೇಳುತ್ತದೆ. ಕೇಳಿದರೆ ಮಗನ ಮದುವೆ ಮುರಿಯುತ್ತದೆ. ಅದನ್ನು ತಿಳಿದೇ ಅವನು ಬೇಲಿಯ ಹೊರಗೆ ಇಷ್ಟು ನೆಮ್ಮದಿಯಾಗಿ ನಿಂತಿದ್ದ.

ದೂರದಲ್ಲಿ ರಸ್ತೆಯ ಧೂಳು ಎದ್ದಿತು. ಚಿತ್ತಯ್ಯ ಮರದ ಬುಡದಲ್ಲಿದ್ದ ಮಗನ ಹವಾಯಿ ಚಪ್ಪಲಿಗೆ ಕಾಲು ತೂರಿಸಿ, ಕೊಯ್ದು ಬಿದ್ದಿದ್ದ ಮೆಟ್ಟು, ಸೀಳಿದ ಅಟ್ಟೆ ಎಲ್ಲವನ್ನೂ ಟವಲಿಗೆ ಹಾಕಿ ಗಂಟು ಕಟ್ಟತೊಡಗಿದ. ಅದು ಮಗಳ ಕೈಗೇ ಹೋಗುತ್ತದೆ ಎಂದು ಆಗ ಪಾಲಮ್ಮನಿಗೆ ಹೊಳೆಯಿತು. ಅವಳು ಟವಲಿನ ತುದಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅದನ್ನ ಇಲ್ಲೇ ಬಿಡು ಮಾವ. ಹೊಸ ಟೈರ್ ಐತೆ, ನಾನು ಹೊಲ್ಕೊಡ್ತೀನಿ. ನಾಳೆ ಬಸ್ಸಿಗೆ ಹೋಗು. ನನ್ನ ಹೊಲಿಗೆ ಅವಳು ನೋಡಿದ್ರೆ..."

"ನಾಳೆ ತನಕ ನನ್ನ ಕುರಿ ಜೊತೆಯವರು ಕಾಯ್ತಾರಾ? ಈ ಚಪ್ಲಿ ಜಾಲಿಮುಳ್ಳಿಗೆ ತಡೀತಾವಾ? ಅವಳೇ ಹೊಲ್ಕೊಡ್ತಾಳೆ ಬಿಡು."

"ಇದ್ಯಾರು ಹಿಂಗೆ ಸೀಳಿದ್ದು ಅಂತ ಕೇಳ್ತಾಳೆ."

"ಕೇಳಿದ್ರೆ ಏನೋ ಒಂದು ಹೇಳ್ತೀನಿ."

ಟವಲು ಅವಳ ಕೈಯಿಂದ ಬಿಡಿಸಿಕೊಂಡು, ಗಂಟನ್ನು ಕೋಲಿನ ತುದಿಗೆ ಸಿಕ್ಕಿಸಿ ಹೊರಟ. ಪಾಲಮ್ಮ ದಬ್ಬಳ ಹಿಡಿದೇ ಅವನ ಹಿಂದೆ ಸ್ವಲ್ಪ ದೂರ ಓಡಿದಳು. "ನಾನು ಉರಿದು ಬೀಳ್ತಿಲ್ಲ ಅಂತ ಹೇಳು ಮಾವ. ಇದೊಂದು ಮಾತು ಹೇಳು" ಎಂದಳು. ಅವನು ತಿರುಗದೆ ಕೈಯೆತ್ತಿ, ಆಯಿತು ಎಂಬಂತೆ ಆಡಿಸಿದ. ಬಸ್ಸು ಬಂತು, ಹತ್ತಿದ, ಹೋಯಿತು.

ವಾಪಸು ಬಂದು ಮರದಡಿ ಕೂತಳು. ಮಗಳ ಹೊಲಿಗೆಯ ಹುರಿ ತುಂಡು ತುಂಡಾಗಿ ಮಣ್ಣಿನಲ್ಲಿ ಬಿದ್ದಿತ್ತು. ಒಂದೊಂದನ್ನೇ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ನಾಳೆಯೋ ನಾಡಿದ್ದೋ ಗಂಗಿ ಆ ಗಂಟು ಬಿಚ್ಚುತ್ತಾಳೆ. ಚೂರಿಯ ಗೀರು ನೋಡುತ್ತಾಳೆ. ಯಾರು ಕಿತ್ತದ್ದೆಂದು ಅಪ್ಪನನ್ನು ಕೇಳುತ್ತಾಳೆ.

ಅಮ್ಮ ಎಂದು ಅವನು ಹೇಳುತ್ತಾನೆ. ಈ ಸಲ ಅದು ಸುಳ್ಳಲ್ಲ.