ಮೆಷಿನ್ನುಗಳಿಗೆ ಸ್ತೋತ್ರ

ಶುರುವಾಯಿತು, ಮೊದಲು ಒಂದು, ಅಡುಗೆಮನೆಯ ನೆತ್ತಿಯ ಮೇಲೆ, ಆಮೇಲೆ ಸಾಲಾಗಿ ಎಲ್ಲ, ಗರ್ರ್ ಗರ್ರ್ ಅಂತ, ಗೋಡೆಯಲ್ಲಿಳಿದು ನನ್ನ ಮಂಚದ ಕಾಲಿನವರೆಗೂ ಬರುವ ನಡುಕ, ಕಿಟಕಿಯ ಗಾಜು ಸಣ್ಣಗೆ ಹಲ್ಲು ಕಡಿಯುತ್ತಿದೆ, ಸ್ತೋತ್ರ ದೇವರೇ, ಬಂದರು ನಿನ್ನ ಗಾಯನ ಮಂಡಳಿಯವರು, ಇವತ್ತು ತುಸು ತಡ — ಇನ್ನು ನಾನು ನರಳಬಹುದು. ಹೊಲಿಗೆ ಮೆಷಿನ್ ಸದ್ದು ಏರಿದಾಗ ನಾನೂ ದನಿ ಏರಿಸಿ, ದಾರ ಕಡಿದುಕೊಂಡು ಅದು ನಿಂತಾಗ ನಾನೂ ತುಟಿ ಕಚ್ಚಿ ನಿಂತು, ಅವ್ವಾ ಅನ್ನಬಹುದು, ಯಪ್ಪಾ ಅನ್ನಬಹುದು, ರಾತ್ರಿ ಪಾಳಿ ಮುಗಿಸಿ ಬಂದು ಕೆಳಗೆ ಚಾಪೆಯ ಮೇಲೆ ಮಲಗಿರುವ ಇವರಿಗೆ ಕೇಳಿಸುವುದಿಲ್ಲ, ಮೇಲಿನ ಮನೆಯ ಅತಾವುಲ್ಲಾ ಪಾಪ ನೈಟಿ ಹೊಲಿಸುತ್ತಿದ್ದೇನೆ ಅಂದುಕೊಂಡಿದ್ದಾನೆ, ನನ್ನ ಬಾಯಿ ಮುಚ್ಚುವ ಕೆಲಸವೂ ಅವನದೇ ಅಂತ ಅವನಿಗೇನು ಗೊತ್ತು, ಸ್ವರ್ಗದಲ್ಲಿ ಅವನಿಗೊಂದು ಕುರ್ಚಿ ಇಡು ದೇವರೇ, ಮೆತ್ತನೆಯದು. ಬೆಟಗೇರಿಯಲ್ಲಿ ಅವ್ವ ಎಲ್ಲಕ್ಕೂ ಸ್ತೋತ್ರ ಹೇಳುತ್ತಿದ್ದಳು, ಹಾಲು ಉಕ್ಕಿದರೆ ಒಲೆಯಾದರೂ ಕುಡೀತಲ್ಲ ಸ್ತೋತ್ರ, ನೆಗಡಿಯಾದರೆ ಸೋರೋದಕ್ಕೆ ಮೂಗಾದರೂ ಐತಲ್ಲ ಸ್ತೋತ್ರ, ಪಕ್ಕದ ಮನೆಯ ಮಗ್ಗ ನಸುಕಿಗೇ ಖಟಾಖಟ್ ಅಂದರೆ ಏಳ್ರೇ, ಪ್ರಾರ್ಥನೆಗೆ ಎಬ್ಬಿಸಿದರು, ಸ್ತೋತ್ರ — ನಾವು ಚಾದರದೊಳಗೇ ಕಿಸಿಕಿಸಿ ನಗುತ್ತಿದ್ದೆವು, ಈಗ ನಕ್ಕರೆ ಹೊಟ್ಟೆಯ ಗಂಟು ಎಳೆಯುತ್ತದೆ, ಬೆನ್ನಿಗೂ ಬೇರು ಬಿಟ್ಟಿದೆ ಅದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು ಡಾಕ್ಟರು, ಮಾತ್ರೆ ಬರೆದರು, ಮಾತ್ರೆ ಹಿಡದೈತೇನ ವನಿತಾ, ಅಂತ ಇವರು ದಿನಾ ಕೇಳುತ್ತಾರೆ, ಹಿಡದೈತ್ರಿ, ನೋವ ಇಲ್ಲ. ಈ ಸುಳ್ಳನ್ನು ಕ್ಷಮಿಸು, ನಿಜ ಹೇಳುತ್ತಿದ್ದಾಗ ಇವರು ಹಗಲಿಡೀ ನನ್ನ ಪಾದ ಹಿಡಿದು ಕೂತರು, ಕಣ್ಣು ಮುಚ್ಚದೆ, ಹಾಗೆಯೇ ಪೀಣ್ಯಕ್ಕೆ ರಾತ್ರಿ ಪಾಳಿಗೆ ಹೋಗಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ತೂಕಡಿಸಿ ಹೆಬ್ಬೆರಳ ತುದಿಯನ್ನು ಅಲ್ಲೇ ಬಿಟ್ಟು ಬಂದರು, ಪಕ್ಕದಲ್ಲಿದ್ದ ಶೇಖರಪ್ಪ ಎಳೆಯದಿದ್ದರೆ ಮುಂಗೈ ಹೋಗುತ್ತಿತ್ತಂತೆ. ಅದಕ್ಕೇ ನೋವಿಲ್ಲ. ಅದಕ್ಕೇ ಆರಾಮ. ಆದರೆ ಈ ಸದ್ದಿಗೆ ಇವರಿಗೂ ನಿದ್ದೆಯಿಲ್ಲವಲ್ಲ, ನೋಡು, ಹೊರಳುತ್ತಾರೆ, ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ, ನನ್ನನ್ನು ಮುಚ್ಚುವುದೇ ಇವರನ್ನು ತಿನ್ನುತ್ತಿದೆ, ಯಾವುದಕ್ಕೆ ಸ್ತೋತ್ರ ಹೇಳುತ್ತಿದ್ದೇನೆ ನಾನು —

ಎದ್ದರು. ಎಲ್ಲಿಗ್ರೀ. ಮ್ಯಾಲ ಹೋಗಿ ಹೇಳಿ ಬರ್ತೀನಿ. ಬ್ಯಾಡ್ರೀ, ಅವರ ಹೊಟ್ಟೀಪಾಡು, ನನಗ ಆ ಸಪ್ಪಳ ಸೇರತೈತಿ, ಖರೇನ. ಸೇರತೈತೆಂತ, ಒಂದ್ ದಿನಾನೂ ನೀ ಕಣ್ಣ ಮುಚ್ಚಿಲ್ಲ, ನಾ ನೋಡೀನಿ. ಮೆಟ್ಟಿಲಲ್ಲಿ ಚಪ್ಪಲಿ, ಬೇಡ, ತಿರುಗಿ ಬನ್ನಿ, ಬಾಗಿಲು ತೆಗೆಯದಿರಲಿ ದೇವರೇ, ಅತಾವುಲ್ಲಾ ಇವತ್ತಾದರೂ ಜಗಳಗಂಟನಾಗಲಿ, ಬಾಯಿಗೆ ಬಂದಂತೆ ಬೈಯಲಿ — ಒಂದು ಮೆಷಿನ್ ನಿಂತಿತು, ಇನ್ನೊಂದು, ಅಡುಗೆಮನೆಯ ಮೇಲಿನದೂ. ಮತ್ತಿಕೆರೆಗೆ ಬಂದಾಗಿನಿಂದ ಈ ಮನೆ ಇಷ್ಟು ಸುಮ್ಮನಾದದ್ದೇ ಇಲ್ಲ, ಮೇಲಿನ ಬಾಗಿಲ ಮಾತು ಒಂದೊಂದೂ ಕೇಳುತ್ತಿದೆ, ಅಯ್ಯೋ ಅಣ್ಣ, ಮೊದ್ಲೇ ಹೇಳ್ಬಾರ್ದಾ, ಭಾಬಿಗೆ ಇಷ್ಟು ಹುಷಾರಿಲ್ಲ ಅಂತ ನಂಗೊತ್ತಿಲ್ಲ ಕಣಣ್ಣ, ಹಗಲು ಬರೀ ಕಟಿಂಗ್ ಮಾಡ್ಕೋತೀವಿ ಬಿಡಿ, ಮೆಷಿನ್ನೆಲ್ಲ ನೀವು ಡ್ಯೂಟಿಗೆ ಹೋದ್ಮೇಲೆ ಓಡಿಸ್ತೀವಿ. ಎಂಥ ಒಳ್ಳೆಯವನು. ಇವರು ಮೆಟ್ಟಿಲಿಳಿದು ಬಂದರು, ನಾನು ಡ್ಯೂಟಿಗೆ ಹ್ವಾದ ಮ್ಯಾಲಂತ ವನಿತಾ, ಎಂಥಾ ಮನಷ್ಯಾ ನೋಡು, ಸ್ತೋತ್ರ ಹೇಳು, ಇವರ ಮುಖದಲ್ಲಿ ಎಷ್ಟು ದಿನಕ್ಕೆ ಒಂದು ನಗು, ಸ್ತೋತ್ರ ಅಂದೆ, ರಾತ್ರಿ, ನಾನೊಬ್ಬಳೇ ಇರುವಾಗ, ಕಿರುಚಿದರೂ ಕೇಳುವವರಿಲ್ಲದಾಗ ನನಗೆ ಅಷ್ಟೂ ಮೆಷಿನ್ನು, ನಿನ್ನ ತಮಾಷೆ ತಿಳಿಯಿತು ದೇವರೇ, ಚೆನ್ನಾಗಿದೆ, ನಗಲಾರೆ. ಇವರು ಚಾಪೆಯ ಮೇಲೆ ಬೀರುವಿನ ಕಡೆ ಮಗ್ಗುಲಾದರು, ಆಗಲೇ ಸಣ್ಣಗೆ ಗೊರಕೆ, ಮಲಗಲಿ, ಕೈ ಉಳಿಯಲಿ, ಕೆಳಗೆಲ್ಲೋ ಸೊಪ್ಪಿನವಳ ಕೂಗು, ಅದೂ ದೂರವಾಯಿತು, ಮುಂದೆ ಹೋಗಬೇಡ ತಾಯಿ, ಇಲ್ಲೇ ನಿಂತು ಕೂಗು, ನೋವು ಬರುತ್ತಿದೆ, ಬೆನ್ನಿನಿಂದ ಎದ್ದು ಸುತ್ತಿಕೊಂಡು ಬರುತ್ತಿದೆ, ಚಾದರದ ಅಂಚು ಬಾಯಿಗೆ, ಇನ್ನಷ್ಟು, ಉಸಿರು ಬಿಡಬಾರದು, ಮೂಗಿನಿಂದ, ಮೆಲ್ಲಗೆ — ಜಾರಿತು. ಸಣ್ಣದೊಂದು ದನಿ, ಬೆಕ್ಕಿನ ಮರಿಯಂಥದು, ನನ್ನದೇ. ಗೊರಕೆ ನಿಂತಿದೆ. ಇವರು ತಿರುಗಲಿಲ್ಲ, ಏನಂತ ಕೇಳಲಿಲ್ಲ, ಬೆನ್ನು ಹಾಗೇ ಇದೆ, ಮಲಗಿದ್ದಾರೆ, ಸ್ತೋತ್ರ, ಮಲಗಿದ್ದಾರೆ, ಬೀರುವಿನ ಕನ್ನಡಿಯಲ್ಲಿ ಇವರ ಕಣ್ಣು ತೆರೆದಿವೆ. ಕೆಲವರಿಗೆ ನಿದ್ದೆಯಲ್ಲೂ ಕಣ್ಣು ತೆರೆದಿರುತ್ತವಂತೆ, ಇವರಿಗೆ ಯಾವತ್ತೂ ಇರಲಿಲ್ಲ, ಮತ್ತೆ ಬರುತ್ತಿದೆ, ಚಾದರ, ಕನ್ನಡಿಯಲ್ಲಿ ಕಣ್ಣು, ಅಲುಗದೆ, ನನಗೆ ತಿಳಿಯಬಾರದೆಂದು ಅಲುಗದೆ, ಕಣ್ಣು ತೆರೆದಿವೆ, ತೆರೆದೇ ಇವೆ