ಬಾವಿಯ ದಂಡೆಯಲ್ಲಿ ರಾಜಾಳಿ

ನಮ್ಮ ಕುದುರೆ ರಾಜಾಳಿಯನ್ನು ಪಳಗಿಸಲು ಮೊದಲು ಬಂದವಳನ್ನು ನಾವೇ ವಾಪಸು ಕಳುಹಿಸಿದೆವು. ಶುಭಾ ಎಂದು ಅವಳ ಹೆಸರು. ಕೊಯಮತ್ತೂರಿನಲ್ಲಿ ಕುದುರೆ ಸವಾರಿ ಕಲಿಸುತ್ತಾಳೆ. ನನ್ನ ಮಗ ಈಶ್ವರನ್ ತಮಿಳಿನಲ್ಲಿ ಮಾತು ತೆಗೆದ. ನಾವು ಮನೆಯವರು ನಮ್ಮನಮ್ಮಲ್ಲಿ ಕನ್ನಡದಲ್ಲಿ ಆಡಿದ್ದು ಅವಳ ಕಿವಿಗೆ ಬಿತ್ತು, ಅವಳೂ ಕನ್ನಡದಲ್ಲೇ ಉತ್ತರ ಕೊಟ್ಟಳು. ಅದು ಅವನಿಗೆ ಹಿಡಿಸಿತು. ಆಮೇಲೆ ಅವಳು ಹೇಳಿದ್ದು ಯಾವುದೂ ಹಿಡಿಸಲಿಲ್ಲ.

ಅವಳು ಬಂದವಳೇ ಕುದುರೆಯ ಹತ್ತಿರ ಹೋಗಲಿಲ್ಲ. ನಮ್ಮ ತೋಟವನ್ನು ನೋಡಿದಳು. ನೆಗಮಂ ದಾಟಿ ಪೊಳ್ಳಾಚಿ ಕಡೆಗೆ ಬರುವ ದಾರಿಯಲ್ಲಿ ಇದೆ ಅದು. ಸುತ್ತ ತೆಂಗು, ನಡುವೆ ಮನೆ, ಹಿಂದೆ ದನದ ಕೊಟ್ಟಿಗೆ. ಕುದುರೆಯ ಲಾಯ ಮಾತ್ರ ಇನ್ನೊಂದು ತುದಿಯಲ್ಲಿ, ಗೇಟಿನ ಪಕ್ಕ.

ಅದಕ್ಕೆ ಕಾರಣವಿತ್ತು. ನಮ್ಮ ಹೊಲದ ಗಡಿಯಲ್ಲಿ ಕಾವಲು ದೇವರು ಮುನಿಯಪ್ಪ ಇದ್ದಾನೆ. ಅವನ ಮುಂದೆ ಮಣ್ಣಿನ ಕುದುರೆಗಳು ಸಾಲಾಗಿ ನಿಂತಿವೆ, ನಮ್ಮ ಮಾವನ ಕಾಲದವು, ಅದಕ್ಕೂ ಹಿಂದಿನವು. ನಮ್ಮಲ್ಲಿ ಕುದುರೆ ಎಂದರೆ ಸಾಮಿಯ ವಾಹನ. ಅದನ್ನು ಸಗಣಿ ಗಂಜಲದ ನಡುವೆ ಕಟ್ಟುವುದುಂಟೇ? ಹಾಗಾಗಿ ಈಶ್ವರನ್ ಪೂರ್ವಕ್ಕೆ ಬಾಗಿಲಿಟ್ಟು ಹೊಸ ಲಾಯ ಕಟ್ಟಿಸಿದ. ನೆಲಕ್ಕೆ ಕಲ್ಲು ಹಾಸಿಸಿದ. ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಹೋಗುವಂತಿಲ್ಲ. ಶುಕ್ರವಾರ ಸಂಜೆ ಸಾಂಬ್ರಾಣಿ ಹೊಗೆ. ಬೆಳಗ್ಗೆ ದನಗಳು ಮೇಯಲು ಹೊರಟಾಗ ಕುದುರೆ ಕಿರುಚಿಕೊಂಡು ಸುತ್ತುತ್ತಿತ್ತು. ದನಗಳ ವಾಸನೆ ಅದಕ್ಕೆ ಆಗುವುದಿಲ್ಲ ಎಂದುಕೊಂಡು ನಡುವೆ ಗೋಡೆಯನ್ನೂ ಏರಿಸಿದೆವು.

"ಇದಕ್ಕೆ ಜೊತೆ ಯಾರು?" ಎಂದು ಶುಭಾ ಕೇಳಿದಳು.

"ನಾವೆಲ್ಲ ಇದ್ದೀವಲ್ಲ," ಎಂದ ಈಶ್ವರನ್.

"ನೀವಲ್ಲ ಸಾರ್. ಇದು ರೇಸಿನ ಲಾಯದಿಂದ ಬಂದದ್ದು. ಅಲ್ಲಿ ಸಾಲಾಗಿ ಕುದುರೆಗಳಿರುತ್ತವೆ. ಹುಟ್ಟಿದಾಗಿಂದ ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಕೊಂಡೇ ಬೆಳೆದದ್ದು. ಇಲ್ಲಿ ಒಂಟಿ."

"ಸಾಮಿ ವಾಹನಮ್ಮ ಅದು. ಜೊತೆಗೆ ಎಮ್ಮೆ ಕಟ್ಟಲಾ?"

"ಕಟ್ಟಿ. ಸದ್ಯಕ್ಕೆ ಮೇಲೆ ಯಾರೂ ಹತ್ತಬೇಡಿ. ನಾನೂ ಹತ್ತಲ್ಲ."

"ಹತ್ತದೆ ಹೇಗೆ ಪಳಗಿಸ್ತೀರ? ಎಷ್ಟು ದಿನ ಆಗುತ್ತೆ?"

"ಈಗಲೇ ಹೇಳೋಕಾಗಲ್ಲ."

ಈಶ್ವರನ್‌ಗೆ ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಪಂಪಿನ ವರ್ಕ್‌ಶಾಪ್ ಇದೆ. ಎಷ್ಟು ದಿನ ಎಂದು ಹೇಳದವರಿಗೆ ಅವನು ಕೆಲಸ ಕೊಡುವುದಿಲ್ಲ. ಕಾಫಿ ಕೊಟ್ಟು ಕಳುಹಿಸಿದ. ಹೋಗುವಾಗ ಅವಳು ನನ್ನ ಮೊಮ್ಮಗಳು ಇಂದುಜಾಳ ಫೋನಿಗೆ ತನ್ನ ನಂಬರು ಹಾಕಿಕೊಟ್ಟು ಹೋದಳು.

ಕುದುರೆ ಬಂದದ್ದು ಇಂದುಜಾಳಿಗಾಗಿಯೇ. ಕಾಲೇಜಿನಲ್ಲಿ ಓದುತ್ತಾ ಸವಾರಿ ಕಲಿತವಳು. ರೇಸಿನಲ್ಲಿ ಓಡಲೊಲ್ಲದ ಎಳೆಯ ಕುದುರೆಯೊಂದಿದೆ, ಸುಮ್ಮನೆ ಸಿಗುತ್ತದೆ ಎಂದು ಯಾರೋ ಪರಿಚಯದವರು ಹೇಳಿದರು. ಕಂದು ಮೈ, ಉದ್ದ ಕಾಲು. ಅವಳೇ ರಾಜಾಳಿ ಎಂದು ಗಿಡುಗದ ಹೆಸರಿಟ್ಟಳು. ಒಂದು ವಾರವೂ ಆಗಿರಲಿಲ್ಲ, ಅವಳನ್ನು ಬೀಳಿಸಿತು. ಕೈ ಮುರಿದು ಪ್ಲಾಸ್ಟರಿನ ಮಾವುಕಟ್ಟು ಬಿತ್ತು.

"ಅಮಾವಾಸ್ಯೆಯೊಳಗೆ ಇದನ್ನ ಹಿಡಿತಕ್ಕೆ ತರೋ ಆಳು ಸಿಕ್ಕಿದರೆ ಸರಿ," ಎಂದ ಈಶ್ವರನ್. "ಇಲ್ಲದಿದ್ದರೆ ಮೈಲ್‌ಸಾಮಿ ಅಣ್ಣನಿಗೆ ಕೊಟ್ಟುಬಿಡ್ತೀನಿ. ಇರೋದು ಒಬ್ಬಳೇ ಮಗಳು."

ಮೈಲ್‌ಸಾಮಿ ಉಡುಮಲೆ ಕಡೆಯವನು. ಗಾಡಿ ಪಂದ್ಯಕ್ಕೆ ಕುದುರೆ ಓಡಿಸುತ್ತಾನೆ. ಟಾರು ರಸ್ತೆಯಲ್ಲಿ ಗಾಡಿ ಕಟ್ಟಿ, ಹಿಂದೆ ಬೈಕುಗಳು ಹಾರ್ನ್ ಹೊಡೆದುಕೊಂಡು ಬರುವಾಗ ಓಡಬೇಕು. ಗೆದ್ದಷ್ಟು ಕಾಲ ಬೆಲ್ಲ, ಕಡಲೆ. ಮೊಣಕಾಲು ಹೋದ ಮೇಲೆ ಆ ಕುದುರೆಗಳು ಎಲ್ಲಿಗೆ ಹೋದವು ಎಂದು ಯಾರೂ ಕೇಳುವುದಿಲ್ಲ. ಇಂದುಜಾಳಿಗೂ ಅದು ಗೊತ್ತಿತ್ತು. ಅವಳು ಅಪ್ಪನ ಜೊತೆ ಜಗಳವಾಡಲಿಲ್ಲ. ಊಟ ಕಡಿಮೆ ಮಾಡಿದಳು, ಫೋನು ಹಿಡಿದು ಆಳು ಹುಡುಕಿದಳು.

ನವನೀತನ್ ಎಂಬ ಒಬ್ಬ ಸಿಕ್ಕಿದ. ಬೂಟು, ಟೋಪಿ, ಕೋಲಿಗೆ ಸಿಕ್ಕಿಸಿದ ಫೋನು. ಹತ್ತಿದ, ಬೇಲಿಯ ಮೇಲೆ ಬಿದ್ದ. ಎದ್ದವನು ಮೊದಲು ಫೋನು ಒಡೆದಿದೆಯೋ ಎಂದು ನೋಡಿದ, ಆಮೇಲೆ ಸೊಂಟ ಮುಟ್ಟಿಕೊಂಡ.

ನಾನು ಹಾಯುವ ಎತ್ತುಗಳನ್ನು ಕಂಡಿದ್ದೇನೆ. ಹಾಯುವ ಎತ್ತು ನೆಲ ಕೆರೆಯುತ್ತದೆ, ನಿಮ್ಮನ್ನೇ ನೋಡುತ್ತದೆ. ರಾಜಾಳಿ ನಮ್ಮನ್ನು ನೋಡುತ್ತಲೇ ಇರಲಿಲ್ಲ. ನಮ್ಮ ತಲೆಯ ಮೇಲಿಂದ ಆಚೆ ಎಲ್ಲೋ ನೋಡುತ್ತಿತ್ತು. ಇದು ಕೋಪವಲ್ಲ ಎಂದು ಅನ್ನಿಸುತ್ತಿತ್ತು. ಏನು ಎಂದು ಹೇಳಲು ನನಗೂ ತಿಳಿಯಲಿಲ್ಲ.

ಅಮಾವಾಸ್ಯೆಗೆ ಮುಂಚೆಯೇ ಮೈಲ್‌ಸಾಮಿ ಬಂದ. ತಾನು ಕೊಂಡೊಯ್ಯುವ ಪ್ರಾಣಿಯನ್ನು ಒಮ್ಮೆ ಆಡಿಸಿ ನೋಡುತ್ತೇನೆ ಎಂದ. ಈಶ್ವರನ್ ಹೂಂ ಎಂದು ತಲೆಯಾಡಿಸಿದ.

"ಬೇಡ ಮಾಮಾ," ಎಂದಳು ಇಂದುಜಾ.

"ಅಮ್ಮಣಿ, ನೀನು ಅದನ್ನ ಕೊಂಜಿ ಕೊಂಜಿ, ಮುದ್ದು ಮಾಡಿ ಕೆಡಿಸಿದ್ದೀಯ. ಕೊಂಜಿದರೆ ಕುದುರೆ ನಿನ್ನ ಮೇಲೆ ಸವಾರಿ ಮಾಡುತ್ತೆ. ಆಗಲೇ ಮಾಡಿದೆ, ಕೈ ನೋಡು."

ಮುಂಗಾಲಿಗೆ ಉದ್ದ ಹಗ್ಗ ಕಟ್ಟಿದ. ಹಗ್ಗ ಎಳೆದರೆ ಕಾಲು ಮಡಿಸಬೇಕು, ಮಡಿಸಿದರೆ ತಲೆ ತಗ್ಗಬೇಕು. ಹೋರಿಗಳಿಗೆ ಹಾಗೆ ಮಾಡುವುದನ್ನು ನಾನು ನೋಡಿದ್ದೇನೆ. ಅದೇ ಹೊತ್ತಿಗೆ ದನಗಳು ಕೊಟ್ಟಿಗೆಯಿಂದ ಹೊರಬಿದ್ದು ಬಾವಿಯಾಚೆಗೆ ಮೇಯಲು ಹೋಗುತ್ತಿದ್ದವು. ರಾಜಾಳಿ ಕಿರುಚಿತು. ಮೈಲ್‌ಸಾಮಿ ಚಾಟಿ ಬೀಸಿದ. ಅದು ನೆಟ್ಟಗೆ ಎದ್ದು ನಿಂತು, ಹಗ್ಗವನ್ನು ಅವನ ಕೈಯಿಂದ ಕಿತ್ತುಕೊಂಡು, ಬೇಲಿ ಹಾರಿ ತೆಂಗಿನ ಸಾಲಿನ ನಡುವೆ ಓಡಿತು.

ದನಗಳಿಗೂ ಅದಕ್ಕೂ ನಡುವೆ ಬಾವಿ ಇತ್ತು.

ನಮ್ಮ ಕಡೆಯ ಬಾವಿ ನೋಡದವರಿಗೆ ಹೇಳುತ್ತೇನೆ. ಬಂಡೆ ಒಡೆದು ತೋಡಿದ್ದು, ಒಂದು ಮನೆ ಇಳಿಸುವಷ್ಟು ಅಗಲ. ಕಟ್ಟೆ ಇಲ್ಲ. ಅಂಚಿನಲ್ಲಿ ಒಂದಿಷ್ಟು ಮಣ್ಣು, ಅದರ ಕೆಳಗೆ ನೇರ ಕಲ್ಲು. ರಾಜಾಳಿ ಆ ಅಂಚಿಗೆ ಬಂದು ಕಾಲೂರಿ ನಿಂತಿತು. ಹಿಂದಿನಿಂದ ಹಾರಿಕೊಂಡು ಬಂದ ಹಗ್ಗದ ತುದಿ ಬಾವಿಯೊಳಗೆ ಬಿದ್ದು, ಪಂಪಿನ ಕಬ್ಬಿಣದ ಪೈಪಿಗೆ ಸಿಕ್ಕಿಕೊಂಡಿತು. ಈಗ ಅದರ ಮುಂಗಾಲನ್ನು ಬಾವಿಯೇ ಹಿಡಿದುಕೊಂಡಂತಿತ್ತು. ಹಿಂದಕ್ಕೆ ಸರಿದರೆ ಹಗ್ಗ ಕಾಲನ್ನು ಎಳೆಯುತ್ತಿತ್ತು.

ಈಶ್ವರನ್ ಇನ್ನೊಂದು ಹಗ್ಗ ತರಲು ಓಡಿದ. ಮೈಲ್‌ಸಾಮಿ ತೋಳು ಚಾಚಿಕೊಂಡು ಮುಂದೆ ಹೊರಟ.

"ನಿಲ್ಲಿ," ಎಂದೆ.

ನಾನು ಗಟ್ಟಿಯಾಗಿ ಮಾತಾಡುವವಳಲ್ಲ. ಇಬ್ಬರೂ ನಿಂತರು. ಇಂದುಜಾ ಆಗಲೇ ಒಂದೇ ಕೈಯಲ್ಲಿ ಫೋನು ಒತ್ತುತ್ತಿದ್ದಳು.

ಶುಭಾ ಪೊಳ್ಳಾಚಿಯಲ್ಲೇ ಇದ್ದಳು, ಮೇವು ಕೊಳ್ಳಲು ಬಂದಿದ್ದಳಂತೆ. ಫೋನಿನಲ್ಲಿ ಅವಳ ದನಿ ಎಲ್ಲರಿಗೂ ಕೇಳಿಸಿತು. "ಎದುರಿಗೆ ಯಾರೂ ಹೋಗಬೇಡಿ. ಹಿಂದೆಯೂ ಬೇಡ. ಎಡಗಣ್ಣಿಗೆ ಕಾಣೋ ಹಾಗೆ ಒಬ್ಬರು ದೂರದಲ್ಲಿ ಕೂತುಕೊಳ್ಳಲಿ. ಕರೆಯೋದು ಬೇಡ, ಸಮಾಧಾನ ಹೇಳೋದು ಬೇಡ. ನಾನು ಬರ್ತೀನಿ."

"ಯಾರು ಕೂರೋದು?" ಎಂದ ಈಶ್ವರನ್.

ಇಂದುಜಾ ನನ್ನ ಕಡೆ ನೋಡಿದಳು. ಹೋಗಿ ಕೂತೆ.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅದರ ಮೈ ಬೆವರಿ ಕಪ್ಪಾಗಿತ್ತು. ಕಾಲು ಕದಲಿಸಿದಾಗಲೆಲ್ಲ ಮಣ್ಣು ಉದುರುತ್ತಿತ್ತು. ಉದುರಿದ ಮಣ್ಣು ನೀರಿಗೆ ಬೀಳುವ ಸದ್ದು ಸ್ವಲ್ಪ ತಡೆದು ಕೇಳಿಸುತ್ತಿತ್ತು. ಹಿಂದೆ ಈಶ್ವರನ್‌ನ ಫೋನು ಬಡಿದುಕೊಂಡಿತು. ಕುದುರೆಯ ಹಿಂಗಾಲು ಜಾರಿತು. ಅವನು ಫೋನನ್ನು ಪಂಚೆಯಲ್ಲಿ ಅದುಮಿ ಹಿಡಿದು ಆರಿಸಿದ. ಬಾವಿಯಾಚೆ ದನಗಳು ಮೇಯುತ್ತಿದ್ದವು. ಹುಲ್ಲು ಹರಿಯುವ ಸದ್ದು ಬಂದಾಗಲೆಲ್ಲ ಕುದುರೆಯ ಕಿವಿ ಆ ಕಡೆ ತಿರುಗಿ, ಅಲ್ಲೇ ನಿಲ್ಲುತ್ತಿತ್ತು.

ಶುಭಾ ಜೀಪನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬಂದಳು. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕುದುರೆಯನ್ನು ಓರೆಗಣ್ಣಿನಲ್ಲಿ ನೋಡುತ್ತಾ ಪಿಸುಗುಟ್ಟಿದಳು.

"ಅಮ್ಮಾ, ಇದು ಕೂಗೋದು ಯಾವಾಗ?"

"ಬೆಳಗ್ಗೆ. ದನ ಹೊರಟಾಗ."

"ವಾಪಸು ಬಂದಾಗ?"

ನಾನು ಯೋಚಿಸಿದೆ. "ಬಂದ ಮೇಲೆ ಕೂಗಲ್ಲ."

ಹೇಳಿದ ಮೇಲೆ ನನಗೇ ಹೊಳೆಯಿತು: ಅದು ಕಿರುಚುತ್ತಿದ್ದದ್ದು ದನಗಳ ವಾಸನೆಗಲ್ಲ, ಅವು ಬಿಟ್ಟು ಹೋಗುತ್ತವೆ ಎಂದು.

"ಇದರಲ್ಲಿ ಸಾಧು ದನ ಯಾವುದು?"

"ಆ ಕೆಂಪು ಹಸು. ಸೆವಲೆ. ನಾನು ಕರೆದರೆ ಮಾತ್ರ ಬರುತ್ತೆ."

"ಕರೆದುಕೊಂಡು ಬನ್ನಿ. ಅಂಚಿಗೆ ಬೇಡ. ಇಲ್ಲೇ, ಈ ತೆಂಗಿನ ಮರದ ಹತ್ತಿರ ನಿಲ್ಲಿಸಿ."

"ಹಸುನೂ ಸೇರಿ ಬೀಳುತ್ತಮ್ಮ," ಎಂದ ಈಶ್ವರನ್ ದೂರದಿಂದ.

ಅವಳು ಅವನ ಕಡೆ ತಿರುಗಲಿಲ್ಲ. ಇಂದುಜಾ ಕೊಟ್ಟಿಗೆಯಿಂದ ತಂದು ಚಾಚಿದ ಕುಡುಗೋಲನ್ನು ತೆಗೆದುಕೊಂಡು ಸೀರೆಯ ಸೆರಗು ಸಿಕ್ಕಿಸಿಕೊಂಡಳು.

ನಾನು ಬಾವಿಯನ್ನು ದೂರದಿಂದ ಬಳಸಿಕೊಂಡು ಹೋಗಿ ಸೆವಲೆಯನ್ನು ಕರೆತಂದೆ. ಮರದ ಪಕ್ಕ ನಿಲ್ಲಿಸಿ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸತೊಡಗಿದೆ. ಅದು ಕಣ್ಣು ಮುಚ್ಚಿ ಕತ್ತು ಚಾಚಿತು. ರಾಜಾಳಿ ತಲೆ ತಗ್ಗಿಸಿತು. ಗಂಟಲೊಳಗೆ ಸಣ್ಣದಾಗಿ ಒಂದು ದನಿ ಮಾಡಿತು. ಅಂಥ ದನಿಯನ್ನು ನಾವು ಅದರಿಂದ ಕೇಳಿರಲೇ ಇಲ್ಲ. ಮೈಯ ಭಾರ ಮೆಲ್ಲನೆ ನಮ್ಮ ಕಡೆಗೆ ವಾಲಿತು, ಹಗ್ಗ ಕಟ್ಟಿದ ಕಾಲು ಸಡಿಲವಾಯಿತು.

ಶುಭಾ ಅಂಚಿನಲ್ಲಿ ಮಂಡಿಯೂರಿ ಹಗ್ಗಕ್ಕೆ ಕುಡುಗೋಲು ಇಟ್ಟಳು. ನೈಲಾನ್ ಹಗ್ಗ. ಒಂದೇ ಸಲಕ್ಕೆ ತುಂಡಾಗಲಿಲ್ಲ. ಎಳೆ ಎಳೆಯಾಗಿ ಕೊಯ್ಯಬೇಕಾಯಿತು. ಅವಳ ತಲೆ ಕುದುರೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ಸೆವಲೆಗೆ ಬೇಜಾರಾಯಿತೋ ಏನೋ, ಹೊರಡಲು ತಿರುಗಿತು. ಕುದುರೆಯ ಕಾಲು ಮತ್ತೆ ಬಿಗಿಯಿತು.

"ಅಮ್ಮಾ," ಎಂದಳು ಶುಭಾ, ದನಿ ಏರಿಸದೆ.

ಸೆವಲೆಯ ಕತ್ತನ್ನು ತಬ್ಬಿಕೊಂಡು ನಿಂತೆ. ಬೆರಳನ್ನು ತುರಿಸುವುದರಲ್ಲೇ ಇಟ್ಟೆ.

ಹಗ್ಗ ತುಂಡಾಯಿತು. ತುದಿ ಕೆಳಗೆ ಹೋಗಿ ಪೈಪಿಗೆ ಬಡಿಯಿತು. ಆ ಸದ್ದಿಗೆ ಕುದುರೆ ಬೆಚ್ಚಿ ಹಿಂಗಾಲು ಒದೆದುಕೊಂಡಿತು, ಒಂದು ತುಂಡು ಮಣ್ಣು ಕಳಚಿ ಬಾವಿಗೆ ಬಿತ್ತು. ಶುಭಾ ನೆಲಕ್ಕೆ ಅಂಟಿಕೊಂಡಳು. ಇಂದುಜಾ ಬಾಯಿಗೆ ಕೈ ಒತ್ತಿಕೊಂಡಳು. ರಾಜಾಳಿ ಶುಭಾಳ ಮೇಲಿಂದ ಒಂದೇ ನೆಗೆತಕ್ಕೆ ಇತ್ತ ಹಾರಿ, ಸೆವಲೆಯ ಪಕ್ಕೆಗೆ ಮೂತಿ ಚುಚ್ಚಿ ನಿಂತಿತು. ಸೆವಲೆ ಬಾಲ ಬೀಸಿತು, ಅಷ್ಟೇ.

"ನಡೀರಿ," ಎಂದಳು ಶುಭಾ, ಎದ್ದು ಮಂಡಿ ಒರೆಸಿಕೊಳ್ಳುತ್ತಾ. "ಹಿಂದೆ ತಿರುಗಿ ನೋಡಬೇಡಿ."

ನಾನು ಮುಂದೆ, ಹಸು ಹಿಂದೆ, ಅದರ ಹಿಂದೆ ಕುದುರೆ. ಮನೆಯ ಹತ್ತಿರ ದಾರಿ ಕವಲಾಗುತ್ತದೆ. ಒಂದು ಕಡೆ ಕಲ್ಲು ಹಾಸಿದ ಲಾಯ, ಇನ್ನೊಂದು ಕಡೆ ಕೊಟ್ಟಿಗೆ. ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ಬಿದಿರಿನ ಗಳ ಹಾಕಿತ್ತು. ಅದರ ಮುಂದೆ ಈಶ್ವರನ್ ಬಂದು ನಿಂತಿದ್ದ.

"ಅಮ್ಮಾ, ಅದು ಸಾಮಿದು," ಎಂದ. "ನಾಳೆ ಏನಾದರೂ ಆದರೆ?"

"ಇವತ್ತು ಆಗಿದ್ದು ಸಾಲದಾ ನನ್ನ ಕಣ್ಣೇ?"

ಅವನು ಶುಭಾಳ ಕಡೆ ನೋಡಿದ. ಕುದುರೆಯ ಕಡೆ ನೋಡಿದ. ಅದು ಹಸುವಿನ ಬೆನ್ನ ಮೇಲೆ ಗಲ್ಲ ಊರಿಕೊಂಡು ನಿಂತಿತ್ತು. ಈಶ್ವರನ್ ಗಳ ತೆಗೆದು ಗೋಡೆಗೆ ಒರಗಿಸಿದ. ಆಮೇಲೆ ಚಪ್ಪಲಿ ಬಿಡಲು ಬಾಗಿದವನು, ಇದು ಕೊಟ್ಟಿಗೆ ಎಂದು ನೆನಪಾಗಿ ಹಾಗೇ ನಿಂತ.

ಇಂದುಜಾ ಬಾಗಿಲಲ್ಲಿ ನಿಂತು ಕೇಳಿದಳು. "ಅಕ್ಕಾ, ನಾನು ಇದರ ಮೇಲೆ ಮತ್ತೆ ಕೂರಬಹುದಾ?"

"ಗೊತ್ತಿಲ್ಲಮ್ಮ. ಒಂದು ವರ್ಷ ಆಗಬಹುದು. ಆಗದೆಯೇ ಇರಬಹುದು. ಆಗದಿದ್ದರೆ ಇದನ್ನ ಇಟ್ಟುಕೊಳ್ತೀಯಾ?"

ಹುಡುಗಿ ಮಾವುಕಟ್ಟಿನ ಅಂಚನ್ನು ಉಗುರಿನಿಂದ ಕೆರೆದಳು. ಅವಳ ಆಸೆ ಏನಿತ್ತು ಎಂದು ನನಗೆ ಗೊತ್ತು. ಕೊನೆಗೆ, "ಇಟ್ಟುಕೊಳ್ತೀನಿ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

ಈಶ್ವರನ್ ಹಿಂದೆಯೇ ಬಂದಿದ್ದ ಮೈಲ್‌ಸಾಮಿಗೆ ಹೇಳಿದ. "ಮೈಲ್‌ಸಾಮಿ ಅಣ್ಣಾ, ಅಮಾವಾಸ್ಯೆಗೆ ಗಾಡಿ ತರಬೇಡಿ."

ಮೈಲ್‌ಸಾಮಿ ಚಾಟಿಯನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ. "ಕೊಟ್ಟರೂ ಬೇಡಪ್ಪಾ. ಹಸು ಹಿಂದೆ ಹೋಗೋ ಕುದುರೆನ ಪಂದ್ಯಕ್ಕೆ ಕಟ್ಟಿದರೆ, ಉಡುಮಲೆಯಲ್ಲಿ ನಾನು ತಲೆ ಎತ್ತಿ ಟೀ ಕುಡಿಯೋಕಾಗುತ್ತಾ?" ಎಂದು ಹೊರಟ. ಗೇಟಿನವರೆಗೆ ಹೋದವನು ನಿಂತು, "ಕಾಲಿಗೆ ಅರಿಶಿನ ಹಾಕಿ. ಹಗ್ಗ ಉಜ್ಜಿದೆ," ಎಂದ.

ಅರಿಶಿನದ ನೀರು ಕಾಯಿಸಿ ತಂದೆ. ಶುಭಾ ಗಾಯ ತೊಳೆಯಲು ಕೂತಳು. ಬಕೆಟ್ ಹಿಡಿಯಲು ಒಬ್ಬರು ಬೇಕಿತ್ತು, ಇಂದುಜಾಳ ಕೈ ಆಗುವಂತಿರಲಿಲ್ಲ.

"ನೀವು ಬನ್ನಿ ಸಾರ್," ಎಂದಳು ಶುಭಾ. "ಎಡಗಡೆಯಿಂದ. ಮೆಲ್ಲಗೆ."

ಈಶ್ವರನ್ ಪಂಚೆ ಎತ್ತಿ ಕಟ್ಟಿ, ಬಕೆಟ್ ಹಿಡಿದು, ಸಗಣಿ ತುಳಿದುಕೊಂಡು ಹೋಗಿ ಅವಳು ತೋರಿಸಿದ ಕಡೆ ನಿಂತ. ನೀರು ಸೋಕಿದಾಗ ಕುದುರೆಯ ಮೈಯೆಲ್ಲ ಅದುರಿತು. ಕಾಲನ್ನು ಮಾತ್ರ ಅದು ಎಳೆದುಕೊಳ್ಳಲಿಲ್ಲ.